ಗುಂಡಿ ಡಬ್ಬಿಯ ಜಾಗ

ಅಂಗಿ ಹೊಲಿಯುವ ಆ ಕಾರ್ಖಾನೆಯಲ್ಲಿ ಎಲ್ಲರಿಗೂ ಅವಳು ಗುಂಡಿಯಕ್ಕ. ಗುಂಡಿ ಹಚ್ಚುತ್ತಲೇ ಕೂದಲು ಬೆಳ್ಳಗಾದವಳು. ಗುಂಡಿಯ ಡಬ್ಬಿ ಇದ್ದದ್ದು ಶೆಡ್ಡಿನ ಆ ತುದಿಯಲ್ಲಿ, ಕಾಲರ್ ಹೊಲಿಯುವ ಗೆಳತಿಯ ಪಕ್ಕ. ಗುಂಡಿ ಮುಗಿದಾಗಲೆಲ್ಲ ಎದ್ದುಹೋಗಿ, ಸೊಸೆಯ ಮೇಲಿನ ಒಂದು ದೂರನ್ನು ಅಲ್ಲಿ ಇಳಿಸಿ, ಬೊಗಸೆ ತುಂಬ ಗುಂಡಿ ತರುತ್ತಿದ್ದಳು.

ಅವಳ ಮಗನ ವಯಸ್ಸಿನ ಹೊಸ ಮ್ಯಾನೇಜರ್ ಬಂದ. ವ್ಯರ್ಥ ಓಡಾಟ ತಪ್ಪಬೇಕು, ಏನು ಬದಲಾಗಬೇಕೆಂದು ಕೆಲಸದವರೇ ಹೇಳಬೇಕು ಎಂದ. ಇವಳೇ ಬಾಯಿಬಿಟ್ಟು ಮಂಡಿನೋವು ಎಂದಳು. ಮರುದಿನವೇ ಡಬ್ಬಿ ಅವಳ ಮಗ್ಗುಲಿಗೆ ಬಂತು.

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡಂತಾಯಿತು. ಅಂಗಿಗಳು ಬೇಗಬೇಗ ಮುಗಿದವು, ದಿನ ಮಾತ್ರ ಮುಗಿಯಲೊಲ್ಲದು. ಇಬ್ಬರ ಊಟದ ಪಾಳಿ ಬೇರೆ, ಸಂಜೆಯ ಬಸ್ಸೂ ಬೇರೆ. ಯಂತ್ರಗಳ ಸದ್ದಿನಲ್ಲಿ ಕೂಗಿದರೂ ಕೇಳದು. ಸಾಲುಗಳಾಚೆ ಗೆಳತಿಯ ಬಾಗಿದ ಬೆನ್ನಷ್ಟೇ ಕಾಣುತ್ತಿತ್ತು. ಅದನ್ನೇ ನೋಡುತ್ತ ಎಷ್ಟೋ ಸಲ ಬೆರಳಿಗೆ ಸೂಜಿ ಚುಚ್ಚಿಕೊಂಡಳು.

ಒಂದು ದಿನ ಮ್ಯಾನೇಜರ್ ಬಂದು ಕೇಳಿದ: "ಈಗ ಆರಾಮಾ ಅಕ್ಕಾ?"

"ಡಬ್ಬಿ ಮೊದ್ಲಿದ್ದಲ್ಲೇ ಇಡ್ಸಪ್ಪಾ."

"ಮಂಡಿನೋವು ಅಂದಿದ್ರಲ್ಲ?"

ಗುಂಡಿಯಕ್ಕ ಸೂಜಿ ಕೆಳಗಿಟ್ಟಳು. "ಮಂಡಿನೋವು ಮನೆಗೆ ಹೋದ್ರೂ ಇರತ್ತೆ ಕಣಪ್ಪಾ. ಅವಳು ಸಿಗೋದು ಅಲ್ಲಿ ಮಾತ್ರ."