ಮಡಿ ಗಳದ ಕೆಳಗೊಂದು ಕುರ್ಚಿ

ಆ ಗುರುವಾರವೂ ಬೆಳಗು ಎಂದಿನಂತೆಯೇ ಆಯಿತು. ಐದೂಮುಕ್ಕಾಲಿಗೆ ಎದ್ದು ಫಿಲ್ಟರಿಗೆ ಪುಡಿ ಹಾಕಿ ಬಿಸಿನೀರು ಹೊಯ್ದೆ. ಡಿಕಾಕ್ಷನ್ ತೊಟ್ಟಿಕ್ಕುವಷ್ಟರಲ್ಲಿ ಬಾಗಿಲಿಗೆ ನೀರು ಚಿಮುಕಿಸಿ, ನಾಲ್ಕೆಳೆ ರಂಗೋಲಿ ಎಳೆದು, ಗೇಟಿಗೆ ತೂಗುಹಾಕಿದ್ದ ಚೀಲದಿಂದ ಹಾಲು ತೆಗೆದುಕೊಂಡು ಒಳಗೆ ಬಂದೆ. ಕಾಫಿ ಬೆರೆಸಿಕೊಂಡು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಮೊದಲ ಗುಟುಕು ಬಾಯಿಗೆ ಹಾಕಿಕೊಳ್ಳುವುದಕ್ಕೂ ನಮ್ಮವರ ದನಿ ಕೇಳುವುದಕ್ಕೂ ಸರಿಹೋಯಿತು. "ಏನೇ, ನನ್ನ ಕನ್ನಡಕ ಎಲ್ಲಾದ್ರೂ ನೋಡಿದ್ಯಾ?" ಕನ್ನಡಕ ಫ್ರಿಜ್ಜಿನ ಮೇಲಿತ್ತು. ಎರಡನೆಯ ಗುಟುಕಿಗೆ ಮಗಳು ಬಚ್ಚಲಿನಿಂದ, "ಅಮ್ಮಾ, ಟವೆಲ್ಲು!" ಮೂರನೆಯದಕ್ಕೆ ಕುಕ್ಕರು. ಪಾಪ, ಕುಕ್ಕರನ್ನು ನಾನೇ ಇಟ್ಟದ್ದು, ಅದು ಕೂಗಿದರೆ ತಪ್ಪಿಲ್ಲ. ನಾಲ್ಕನೆಯ ಗುಟುಕಿನ ಹೊತ್ತಿಗೆ ಕಾಫಿ ಆರಿ ತಣ್ಣಗಾಗಿತ್ತು. ನಿಮ್ಮ ಮನೆಯಲ್ಲೂ ಹೀಗೆಯೋ ಏನೋ, ನಮ್ಮಲ್ಲಂತೂ ನಾನು ಬಿಸಿ ಕಾಫಿ ಪೂರ್ತಿ ಕುಡಿದ ದಿನಗಳನ್ನು ಬೆರಳಲ್ಲಿ ಎಣಿಸಬಹುದು.

ಅವತ್ತಿನ ವಿಶೇಷವೆಂದರೆ ನಡುಮನೆಯಲ್ಲಿ ಪ್ಲಾಸ್ಟಿಕ್ ಸುತ್ತಿಕೊಂಡು ಕೂತಿದ್ದ ಒಂದು ಬೆತ್ತದ ಕುರ್ಚಿ. ಹಿಂದಿನ ಸಂಜೆ ಮಗಳು ಬ್ಯಾಂಕಿನಿಂದ ಬರುತ್ತಾ ಆಟೋದಲ್ಲಿ ಹೇರಿಕೊಂಡು ತಂದಿದ್ದಳು. "ಅಮ್ಮ, ಇದು ನಿಂಗೆ. ಹಿತ್ತಲಲ್ಲಿ ಒಂದು ಕೋಜಿ ಕಾರ್ನರ್ ಮಾಡ್ಕೋ. ದಿನಾ ಅರ್ಧ ಗಂಟೆ ಅಲ್ಲಿ ಕೂತ್ಕೋ. ಯಾರೂ ಕರೆಯೋ ಹಾಗಿಲ್ಲ."

"ಯಾರೂ ಅಂದ್ರೆ ನೀನೂ ಸೇರಿ ತಾನೆ?"

"ನಾನು ಎಮರ್ಜೆನ್ಸಿಗೆ ಮಾತ್ರ."

ಟವೆಲ್ಲು ಎಮರ್ಜೆನ್ಸಿಯ ಪಟ್ಟಿಯಲ್ಲಿದೆ ಎನ್ನುವುದು ಬೆಳಿಗ್ಗೆ ಗೊತ್ತಾಯಿತು. ಇರಲಿ. ಅರ್ಧ ಗಂಟೆ ಎಂದು ಅವಳು ಹೇಳಿದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅರವತ್ತಕ್ಕೆ ಎರಡು ವರ್ಷ ಬಾಕಿ ಇರುವ ಹೆಂಗಸಿಗೆ ಅರ್ಧ ಗಂಟೆ ಸಿಗಬಾರದೇ? ಓದುವುದಕ್ಕಲ್ಲ, ಜಪಕ್ಕಲ್ಲ, ಸುಮ್ಮನೆ.

ಕುರ್ಚಿ ಎಲ್ಲಿಡುವುದು ಎನ್ನುವುದೇ ಪ್ರಶ್ನೆ. ಬಸವನಗುಡಿಯ ನಮ್ಮ ಹಳೆಯ ಮನೆಗೆ ಮುಂದೆ ವರಾಂಡ ಇದೆ. ಅಲ್ಲಿ ಕೂತರೆ ಸೊಪ್ಪಿನವಳಿಂದ ಹಿಡಿದು ಕೊರಿಯರ್‌ನವನವರೆಗೆ ಎಲ್ಲರಿಗೂ ಉತ್ತರ ಕೊಡುತ್ತಿರಬೇಕು. ಪಕ್ಕದ ಓಣಿಯಲ್ಲಿ ನೀರಿನ ಮೋಟರು. ತಾರಸಿಗೆ ಹೋದರೆ ಎದುರಿನ ಅಪಾರ್ಟ್‌ಮೆಂಟಿನ ಕಿಟಕಿಗಳು. ಉಳಿದದ್ದು ಹಿತ್ತಲಿನ ಮೂಲೆ, ಬಟರ್ ಫ್ರೂಟ್ ಮರದ ಕೆಳಗೆ, ಒಗೆಯುವ ಕಲ್ಲಿನ ಪಕ್ಕ. ಅಲ್ಲೋ, ಒಡೆದ ಕುಂಡಗಳು, ತೂತು ಬಿದ್ದ ಬಕೆಟ್ಟು, ಹಳೆಯ ಗ್ಯಾಸ್ ಸ್ಟ್ಯಾಂಡು, ಎಲ್ಲರೂ ತಾನು ತಂದದ್ದಲ್ಲ ಎನ್ನುವ ಒಂದು ಟೈರು. ತಿಂಡಿ ಮುಗಿಸಿ, ಸೆರಗು ಸಿಕ್ಕಿಸಿ, ಒಂದೊಂದನ್ನೇ ಎಳೆದು ಹಾಕಿದೆ. ಕೊನೆಗೆ ಗೋಡೆ ಕಂಡಿತು. ಗೋಡೆಯಲ್ಲಿ, ನನ್ನ ಕೈಗೆ ಎಟುಕದ ಎತ್ತರದಲ್ಲಿ, ತುಕ್ಕು ಹಿಡಿದ ಕಬ್ಬಿಣದ ಕೊಕ್ಕೆ. ಅದಕ್ಕೆ ನೇರವಾಗಿ ಮರದ ಕೊಂಬೆಯಲ್ಲಿ ಇನ್ನೊಂದು. ಕೊಂಬೆ ಅದನ್ನು ಅರ್ಧ ನುಂಗಿತ್ತು.

ಪೊರಕೆ ಹಿಡಿದುಕೊಂಡೇ ಒಗೆಯುವ ಕಲ್ಲಿನ ಮೇಲೆ ಕೂತೆ. ಅದು ಅತ್ತೆಯ ಮಡಿ ಗಳದ ಕೊಕ್ಕೆ.

ಅತ್ತೆಯ ವಿಷಯಕ್ಕೆ ಬರುವ ಮುಂಚೆ ನನ್ನ ಶಾಲೆಯ ಒಂದು ಸಂಗತಿ ಹೇಳಿಬಿಡುತ್ತೇನೆ, ಸಂಬಂಧ ಇದೆ. ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಪ್ರಾರ್ಥನೆಯ ಮನೆಯ ಹಿಂದೆ ಮೆಹಂದಿ ಗಿಡದ ಬೇಲಿ, ಬೇಲಿಯ ಆಚೆ ಕಲ್ಲುಬೆಂಚು. ಮಧ್ಯಾಹ್ನ ಊಟವಾದ ಮೇಲೆ ಸಿಸ್ಟರ್‌ಗಳು ಅಲ್ಲಿ ಹೋಗಿ ಕೂರುತ್ತಿದ್ದರು, ನಮಗೆ ಪ್ರವೇಶವಿಲ್ಲ. ಅಲ್ಲಿ ಅವರು ಫಾರಿನ್ ಚಾಕಲೇಟು ತಿನ್ನುತ್ತಾರೆ ಎನ್ನುವುದು ನಮ್ಮ ಕ್ಲಾಸಿನ ಗಟ್ಟಿ ನಂಬಿಕೆ. ನನಗೆ ಹತ್ತು ವರ್ಷವಿದ್ದಾಗ ಒಂದು ದಿನ ಚೆಂಡು ಹುಡುಕುವ ನೆಪದಲ್ಲಿ ಬೇಲಿಯೊಳಗೆ ತಲೆ ತೂರಿಸಿದೆ. ನಮಗೆ ಗಣಿತ ಹೇಳುವ, ನಾವು ನೆರಳಿಗೂ ಹೆದರುವ ಸಿಸ್ಟರ್ ಒಬ್ಬರೇ ಕೂತಿದ್ದರು. ಶೂ ಬಿಚ್ಚಿಟ್ಟು, ಸಾಕ್ಸು ಕಳಚಿ, ಹುಲ್ಲಿನ ಮೇಲೆ ಬರಿಗಾಲು ಚಾಚಿಕೊಂಡಿದ್ದರು. ನನ್ನನ್ನು ನೋಡಿ ಬೈಯಲಿಲ್ಲ. ತುಟಿಯ ಮೇಲೆ ಬೆರಳಿಟ್ಟರು, ಅಷ್ಟೇ. ನಾನು ಆ ಮಾತನ್ನು ಯಾರಿಗೂ ಹೇಳಲಿಲ್ಲ. ಹತ್ತನೆಯ ವಯಸ್ಸಿನಲ್ಲಿ ನನಗೆ ಇದ್ದ ಬುದ್ಧಿ ಇಪ್ಪತ್ತಮೂರನೆಯ ವಯಸ್ಸಿಗೆ ಎಲ್ಲಿ ಹೋಯಿತೋ ತಿಳಿಯದು.

ಇಪ್ಪತ್ತಮೂರಕ್ಕೆ ನಾನು ಈ ಮನೆಗೆ ಸೊಸೆಯಾಗಿ ಬಂದೆ. ಮನೆಯಲ್ಲಿ ಅತ್ತೆ, ರಿಟೈರಾದ ಮಾವ, ನಮ್ಮವರು, ಮೈದುನ. ನನಗೆ ಮೊದಲು ಸಿಕ್ಕ ಪಾಠ ಕಾಫಿಯದು. ಲೋಟವನ್ನು ತುಟಿಗೆ ಹಚ್ಚಿ ಕುಡಿದೆ, ಅತ್ತೆ ಮೆಲ್ಲಗೆ ಹೇಳಿದರು: "ಕಚ್ಚಿ ಕುಡೀಬಾರದು ಕಣೇ, ಎಂಜಲಾಗುತ್ತೆ. ಎತ್ತಿ ಕುಡಿ." ಎತ್ತಿ ಕುಡಿದರೆ ಅರ್ಧ ಕಾಫಿ ಗದ್ದದ ಮೇಲೆ. ಒಂದು ತಿಂಗಳು ನನ್ನ ರವಿಕೆಗಳಿಗೆಲ್ಲ ಕಾಫಿ ಬಣ್ಣ.

ಅತ್ತೆಯ ಮಡಿ ಬಹಳ ಕಟ್ಟುನಿಟ್ಟು. ಬೆಳಿಗ್ಗೆ ಸ್ನಾನ ಮಾಡಿ, ಹಿಂದಿನ ದಿನ ಯಾರ ಕೈಯೂ ತಾಗದಂತೆ ಒಣಗಿಸಿದ ಸೀರೆ ಉಟ್ಟರೆ, ಪೂಜೆ, ಅಡುಗೆ, ನೈವೇದ್ಯ ಎಲ್ಲ ಮುಗಿಯುವ ತನಕ ಅವರನ್ನು ಮುಟ್ಟುವಂತಿಲ್ಲ. ಗಂಡಸರು ಒಂಬತ್ತಕ್ಕೆ ಉಂಡು ಆಫೀಸಿಗೆ ಹೋದ ಮೇಲೆ, ಮಾರನೆಯ ದಿನದ ಸೀರೆ ಒಗೆದು, ಉದ್ದನೆಯ ಕೋಲಿನ ತುದಿಯಿಂದ ಅದನ್ನು ಮೇಲೆತ್ತಿ ಆ ಕೊಕ್ಕೆಗಳಿಗೆ ತೂಗುಹಾಕಿದ್ದ ಬಿದಿರು ಗಳದ ಮೇಲೆ ಹರವುತ್ತಿದ್ದರು. ಒಂಬತ್ತು ಗಜದ ಸೀರೆ ಒದ್ದೆಯಾಗಿ ಇಳಿಬಿದ್ದರೆ ಮೂಲೆಗೆ ಒಂದು ಗೋಡೆ ಬಂದಂತೆ. ಅವರು ಅದರ ಆಚೆ ಉಳಿದುಬಿಡುತ್ತಿದ್ದರು. ಹತ್ತರಿಂದ ಹನ್ನೊಂದು. ಮಾವ ಒಳಗಿನಿಂದ, "ಲೇ ಇವಳೇ, ಅಂಗಡಿ ಚೀಟಿ ಎಲ್ಲಿ?" ಎಂದರೆ ಸೀರೆಯ ಹಿಂದಿನಿಂದ ಒಂದೇ ಉತ್ತರ: "ಮಡೀಲಿದೀನಿ!" ಮಾವ ಅಲ್ಲಿಗೇ ತೆಪ್ಪಗಾಗುವರು. ಯಾವ ಪೊಲೀಸಿನವನಿಗೂ ಅಂಥ ಗೌರವ ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಮಡಿಯ ಹೆಸರಿನಲ್ಲಿ ನಮ್ಮಂಥ ಮನೆಗಳು ಯಾರು ಯಾರನ್ನು ಬಾಗಿಲ ಹೊರಗೆ ನಿಲ್ಲಿಸಿದವು ಎನ್ನುವುದು ನನಗೆ ಗೊತ್ತಿಲ್ಲದ್ದಲ್ಲ. ಅದು ಸಣ್ಣ ಮಾತಲ್ಲ, ಅದನ್ನು ನಾನು ಸಮರ್ಥಿಸಿಕೊಳ್ಳುತ್ತಿಲ್ಲ. ನನಗೆ ಕುತೂಹಲ ಇದ್ದದ್ದು ಈ ಒಂದು ಗಂಟೆಯ ಬಗ್ಗೆ. ನೈವೇದ್ಯ ಆಯಿತು, ಸೀರೆ ಒಣಹಾಕಿ ಆಯಿತು. ಇನ್ನೆಂಥ ಮಡಿ? ಅಲ್ಲಿ ಏನು ಮಾಡುತ್ತಾರೆ? ಯಾವುದಾದರೂ ವ್ರತವೋ? ಅಳುತ್ತಾರೋ? ಒಂದು ಭಾನುವಾರ ತಡೆಯಲಾಗದೆ, ಕರಿಬೇವು ಕೀಳುವ ನೆಪ ಮಾಡಿಕೊಂಡು ಹೋಗಿ, ಸೀರೆಯ ಅಂಚಿನ ಸಂದಿಯಿಂದ ಇಣುಕಿದೆ.

ಅತ್ತೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದರು. ಕೈಯಲ್ಲಿ ಲೋಟ. ಅದನ್ನು ತುಟಿಗೆ ಹಚ್ಚಿಕೊಂಡು, ಕಚ್ಚಿಕೊಂಡು, ಒಂದು ಗುಟುಕು ಕುಡಿದು, ಬಹಳ ಹೊತ್ತು ಬಿಟ್ಟು ಇನ್ನೊಂದು ಗುಟುಕು ಕುಡಿಯುತ್ತಿದ್ದರು. ಕಾಲ ಬಳಿ ಇರುವೆಗಳ ಸಾಲು ಬಂತು. ಪಾದ ಎತ್ತಿ ಅದಕ್ಕೆ ದಾರಿ ಬಿಟ್ಟು, ಮತ್ತೆ ಪಾದ ಊರಿದರು. ಅಷ್ಟೇ. ಬೇರೇನೂ ನಡೆಯಲಿಲ್ಲ.

ನಾನು ಸುಮ್ಮನಿರಬಹುದಿತ್ತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಹೇಳಿಯೇಬಿಟ್ಟೆ. "ಅತ್ತೆ ಮಡೀಲಿ ಕಾಫಿ ಕಚ್ಚಿ ಕುಡೀತಿದ್ರು, ನಾನು ನೋಡ್ದೆ!" ಒಂದು ತಿಂಗಳು ನನ್ನ ಗದ್ದದ ಮೇಲೆ ಚೆಲ್ಲಿದ ಕಾಫಿಯ ಸೇಡು ಅದರಲ್ಲಿ ಸ್ವಲ್ಪ ಇತ್ತು.

ಮೈದುನ ತುತ್ತು ಕೈಯಲ್ಲೇ ಹಿಡಿದು, "ಅಮ್ಮಾ! ಇದ್ಯಾವ ಶಾಸ್ತ್ರದ ಮಡಿ?" ಎಂದ. ನಮ್ಮವರಿಗೆ ನಗು ತಡೆಯದೆ ನೆತ್ತಿಗೆ ಹತ್ತಿತು. ಮಾವನೂ ನಕ್ಕರು. "ದೇವರ ಕೆಲಸ ಅಂತ ನಾನು ದಿನಾ ಒಂದು ಗಂಟೆ ಬಾಯಿ ಮುಚ್ಕೊಂಡು ಕಾಯ್ತಿದ್ನಲ್ಲೇ!" ಅತ್ತೆಯೂ ನಕ್ಕರು. "ಸಿಕ್ಕಿಬಿದ್ದೆ ಕಣ್ರೋ," ಎಂದು ಹುಳಿ ಬಡಿಸಿದರು. ನನ್ನ ಅನ್ನಕ್ಕೆ ಎಂದಿನಂತೆ ಒಂದು ಮಿಳ್ಳೆ ತುಪ್ಪ ಹೆಚ್ಚಿಗೆಯೇ ಬಿತ್ತು.

ಮಾರನೆಯ ದಿನ ಹತ್ತು ಗಂಟೆಗೆ ಸೀರೆ ಗಳದ ಮೇಲೆ ಏರಿತು, ಅತ್ತೆ ನೇರವಾಗಿ ಒಳಗೆ ಬಂದರು. "ಮಡಿ ಮುಗೀತು. ಏನ್ ಬೇಕೋ ಕೇಳಿ." ಮಾವ ಕೇಳಿದರು. ಅಂಗಡಿ ಚೀಟಿ, ಅಂಗಿಯ ಗುಂಡಿ, ಇನ್ನೊಂದು ಲೋಟ ಕಾಫಿ, ಬೆನ್ನಿಗೆ ಎಣ್ಣೆ. ಅವರನ್ನು ತಡೆಯುವುದಕ್ಕೆ ಈಗ ಏನೂ ಇರಲಿಲ್ಲ. "ಮಡೀಲಿದೀನಿ" ಎಂದು ಅತ್ತೆ ಒಮ್ಮೆ ಅಭ್ಯಾಸಬಲದಿಂದ ಅಂದಾಗ ಮಾವ, "ಯಾವ ಮಡಿ? ಕಾಫಿ ಮಡಿಯೋ?" ಎಂದುಬಿಟ್ಟರು. ಮತ್ತೆ ಅನ್ನಲಿಲ್ಲ. ಖಾಲಿ ಬಿದ್ದ ಮೂಲೆಗೆ ಮೊದಲು ಒಂದು ಒಡೆದ ಕುಂಡ ಬಂತು, ಅದರ ಹಿಂದೆ ಮಿಕ್ಕವು.

ಅತ್ತೆ ಆಮೇಲೆ ಹದಿನೆಂಟು ವರ್ಷ ಬದುಕಿದ್ದರು. ಒಂದು ಸಲವೂ ಆ ಮಾತು ಎತ್ತಲಿಲ್ಲ, ಮುಖ ಸಿಂಡರಿಸಲಿಲ್ಲ. ಬೈದಿದ್ದರೆ ಕ್ಷಮೆ ಕೇಳಬಹುದಿತ್ತು. ಎಲ್ಲರೂ ನಕ್ಕ ತಮಾಷೆಗೆ ಕ್ಷಮೆ ಕೇಳುವುದು ಹೇಗೆ? ಅವರ ಒಂದು ಗಂಟೆಯನ್ನು ನಾನು ತಿಂದುಹಾಕಿದೆ ಎನ್ನುವುದು ನನಗೆ ಹೊಳೆದದ್ದೂ ಬಹಳ ತಡವಾಗಿ, ನನ್ನ ಕಾಫಿಗಳು ಒಂದೊಂದಾಗಿ ಆರತೊಡಗಿದ ಮೇಲೆ.

ಪೊರಕೆ ಕೆಳಗಿಟ್ಟು ಎದ್ದೆ. ಮೂಲೆಯನ್ನು ಸರಿಯಾಗಿಯೇ ಮಾಡಬೇಕು ಅನ್ನಿಸಿತು, ಅರ್ಧಂಬರ್ಧ ಅಲ್ಲ. ಬಸ್ಸು ಹತ್ತಿ ಮಾರ್ಕೆಟ್ಟಿಗೆ ಹೋಗಿ, ಹೂವಿನ ಸಾಲು ದಾಟಿ, ಬುಟ್ಟಿ ಮೊರ ಮಾರುವವರ ಹತ್ತಿರ ಬಿದಿರಿನ ಪರದೆ ವಿಚಾರಿಸಿದೆ. ಅಂಗಡಿಯಾತ ಸುರುಳಿ ಬಿಚ್ಚುತ್ತಾ ಕೇಳಿದ: "ಕಿಟಕಿಗಾ ಅಮ್ಮ, ಬಿಸಿಲಿಗೆ?"

"ಇಲ್ಲಪ್ಪ, ಹಿತ್ತಲಲ್ಲಿ ಕೂತ್ಕೊಳ್ಳೋಕೆ ಮರೆ."

"ಯಾರಿಂದ ಮರೆ?"

"ಮನೆಯವರಿಂದ."

ಆತ ನನ್ನನ್ನೊಮ್ಮೆ ನೋಡಿ, "ಹಂಗಾದ್ರೆ ಎರಡು ತಗೊಳ್ಳಿ," ಎಂದ.

ಒಂದೇ ತಂದೆ. ಸ್ಟೂಲು ಹತ್ತಿ ಅದೇ ಕೊಕ್ಕೆಗಳಿಗೆ ಹಗ್ಗ ಕಟ್ಟಿ ಪರದೆ ಇಳಿಬಿಟ್ಟೆ. ಜರೀಗಿಡದ ಕುಂಡ ಬಲಕ್ಕೆ, ಮಲ್ಲಿಗೆ ಎಡಕ್ಕೆ, ಕಾಲ ಬಳಿ ದೊಡ್ಡಪತ್ರೆ. ಅದರ ಎಲೆಗೆ ಹಿಮ್ಮಡಿ ತಾಗಿದರೆ ಘಮ್ಮೆನ್ನುತ್ತದೆ, ಅದು ಗೊತ್ತಾದದ್ದು ಅವತ್ತೇ. ಒಗೆಯುವ ಕಲ್ಲನ್ನು ತಿಕ್ಕಿ ತೊಳೆದೆ, ಲೋಟ ಇಡುವುದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ನಾಲ್ಕೂವರೆಗೆ ಕಾಫಿ ಹಿಡಿದುಕೊಂಡು, ಬೆತ್ತದ ಕುರ್ಚಿಯಲ್ಲಿ, ಯಾರಾದರೂ ಬರುತ್ತಾರೋ ಎಂದು ಪರದೆಯ ಸಂದಿಯಿಂದ ಹಿಂಬಾಗಿಲನ್ನೇ ನೋಡುತ್ತಾ ಕೂತೆ.

ಬಂದರು. ಮೊದಲು ದನಿ, "ಏನೇ, ಎಲ್ಲಿದ್ಯೇ?" ನಾನು ಸೆರಗು ಆಚೆ ಕಾಣದಂತೆ ಎಳೆದುಕೊಂಡು ಕುರ್ಚಿಯಲ್ಲಿ ಇನ್ನಷ್ಟು ಮುದುಡಿದೆ. ಕಳ್ಳತನಕ್ಕೆ ಹೋದವರೂ ಹೀಗೆಯೇ ಮಾಡುವರೇನೋ. ಆಮೇಲೆ ಪರದೆಯ ತುದಿ ಮೇಲೆದ್ದಿತು, ಅದರ ಕೆಳಗೆ ನಮ್ಮವರ ಮುಖ. "ಓ, ಇಲ್ಲಿದೀಯಾ! ಚೆನ್ನಾಗಿದೆ ಕಣೇ. ಇನ್ನೊಂದು ಕುರ್ಚಿ ಹಿಡಿಸುತ್ತೆ ನೋಡು." ಪ್ರೀತಿಯಿಂದಲೇ ಅಂದದ್ದು, ಅದೇ ಕಷ್ಟ. ಅವರು ಹೋದ ಐದು ನಿಮಿಷಕ್ಕೆ ಮಗಳ ವಿಡಿಯೋ ಕಾಲ್. "ತೋರ್ಸು ತೋರ್ಸು, ಫ್ಲವರ್ಸ್ ತೋರ್ಸು!" ಹೂವು ತೋರಿಸಿ ಮುಗಿಯುವಾಗ ಕಾಫಿ ಆರಿತ್ತು. ಅತ್ತೆಯ ಒಂದು ಒದ್ದೆ ಸೀರೆಗೆ ಇದ್ದ ಶಕ್ತಿ ನನ್ನ ಬಿದಿರಿಗೆ ಎಲ್ಲಿಂದ ಬರಬೇಕು? ಆ ಶಕ್ತಿಯನ್ನು ನಾನೇ ಊಟದ ಎಲೆಯ ಮುಂದೆ ಕೂತು ನಗಾಡಿ ತೆಗೆದುಹಾಕಿದ್ದೆನಲ್ಲ.

"ಏನಮ್ಮ, ನೀನೂ ಶುರು ಮಾಡಿದ್ಯಾ?"

ಮೇಲಿನಿಂದ ಬಂದ ದನಿ. ಪಕ್ಕದ ಮನೆಯ ಸರೋಜಮ್ಮ ತಮ್ಮ ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಎಂಬತ್ತರ ಹತ್ತಿರ ಬಂದರೂ ಮೆಟ್ಟಿಲು ಹತ್ತುವುದನ್ನು ಬಿಟ್ಟಿಲ್ಲ. ನಾಲ್ಕೂ ಕಡೆ ಮರೆ ನೋಡಿದ್ದೆ, ತಲೆಯ ಮೇಲೆ ನೋಡಿರಲಿಲ್ಲ.

"ಏನು ಸರೋಜಮ್ಮ, ಶುರು ಮಾಡೋದು?"

"ಕೂರೋದು. ನಿಮ್ಮತ್ತೆ ಜಾಗ ಅಲ್ವಾ ಅದು."

ಅದೇನಾಯಿತೋ, ಮೂವತ್ತೈದು ವರ್ಷ ಯಾರ ಹತ್ತಿರವೂ ಆಡದ ಮಾತು ಕತ್ತೆತ್ತಿಕೊಂಡು ಕೂತಲ್ಲೇ ಹೊರಬಿತ್ತು. "ಅವರು ಇಲ್ಲಿ ಕೂರೋದನ್ನ ತಪ್ಪಿಸಿದವಳೇ ನಾನು. ಎಲ್ಲರ ಮುಂದೆ ಹೇಳಿ ನಗಿಸ್ಬಿಟ್ಟೆ. ಆಮೇಲೆ ಅವರಿಗೆ ಒಂದು ಗಳಿಗೆ ಕೂರೋಕೆ ಜಾಗಾನೇ ಇಲ್ಲದ ಹಾಗಾಯ್ತು."

ಸರೋಜಮ್ಮ ಕೈಯಲ್ಲಿದ್ದ ಕ್ಲಿಪ್ಪು ಹಗ್ಗಕ್ಕೆ ಸಿಕ್ಕಿಸಿ ನಕ್ಕರು. "ಜಾಗ ಇಲ್ದೆ ಏನು? ಆಮೇಲೆ ಇಲ್ಲಿಗೆ ಬರೋರಲ್ಲ, ನಮ್ಮ ಮಹಡಿಗೆ. ಹೆಪ್ಪಿಗೆ ಮೊಸರು ಬೇಕು ಅಂತ ಬಟ್ಟಲು ಹಿಡ್ಕೊಂಡು ಬರೋರು, ದಿನಾ. ನಿಮ್ಮನೇಲಿ ಮೊಸರು ಇಲ್ದಿರೋ ದಿನ ಉಂಟಾ? ಒಬ್ಬರಾದ್ರೂ ಕೇಳಿದ್ರಾ ನೀವು?"

ಕೇಳಿರಲಿಲ್ಲ. ಅಷ್ಟು ಕುತೂಹಲದ ಸೊಸೆ ನಾನು, ಕಣ್ಣೆದುರೇ ದಿನಾ ಹೋಗುತ್ತಿದ್ದ ಆ ಬಟ್ಟಲಿನ ಬಗ್ಗೆ ಒಂದು ಸಲವೂ ಯೋಚಿಸಿರಲಿಲ್ಲ. ನಗು ಬಂತು. ಕಣ್ಣಲ್ಲಿ ನೀರೂ ಬಂತು, ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡೆ. "ನನ್ನ ಬಗ್ಗೆ ಏನಾದ್ರೂ ಅಂತಿದ್ರಾ?" ಎಂದು ಮೆಲ್ಲಗೆ ಕೇಳಿದೆ.

"ನಿನ್ನ ಬಗ್ಗೆ ಯಾಕಮ್ಮ ಅಂತಾರೆ? ಮನೆ ಮಾತೇ ಎತ್ತುತಿರ್ಲಿಲ್ಲ." ಸರೋಜಮ್ಮ ಬಟ್ಟೆಯ ರಾಶಿಯನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲ ಕಡೆ ಹೊರಟವರು, ನನ್ನ ಕುರ್ಚಿಯನ್ನು ನೋಡಿ ಒಂದು ಕ್ಷಣ ನಿಂತರು. "ಅದನ್ನ ಮೊದಲು ಆ ಕಡೆ ತಿರುಗಿಸಿ ಹಾಕ್ಕೋ. ಹಿಂಬಾಗಿಲು ನೋಡ್ಕೊಂಡು ಕೂತ್ರೆ ಯಾರು ಬಿಡ್ತಾರೆ? ನಿಮ್ಮತ್ತೆ ಇಲ್ಲಿ ಅಷ್ಟು ವರ್ಷ ಕೂತ್ರಲ್ಲ, ಒಂದಿನಾನೂ ನಿಮ್ಮನೆ ಕಡೆ ಮುಖ ಮಾಡ್ಕೊಂಡು ಕೂತವರಲ್ಲ."