ಪುಟ್ಟಮಲ್ಲಮ್ಮ ಕಾಲು ಮಡಿಸಿದರೆ ಪಾಸು

ಬೆಳಗಿನ ಆರೂವರೆ. ತಾಳಮಲೆ ರಸ್ತೆಯ ಮಂಜು ಇನ್ನೂ ಎದ್ದಿಲ್ಲ. ಬಿಳಿ ಬಣ್ಣದ ಹಳೆಯ ಕಾರೊಂದು ಕಾಡಿನಂಚಿನಲ್ಲಿ ಹಿಂದುಹಿಂದಕ್ಕೆ ಹೋಗುತ್ತಿದೆ. ಮುಂದಕ್ಕೆ ಹೋಗುವ ಕಾರನ್ನು ಯಾರು ನೋಡುತ್ತಾರೆ? ಇದನ್ನು ಮಾತ್ರ ಹಾಲಿನ ಕ್ಯಾನು ಕಟ್ಟಿಕೊಂಡ ಬೈಕಿನವರೂ ನಿಂತು ನೋಡುತ್ತಾರೆ. ಸ್ಟೇರಿಂಗ್ ಹಿಡಿದಿರುವವರು ಪರಿಮಳ, ತಾಳಮಲೆಯ ಆರೋಗ್ಯ ಕೇಂದ್ರದ ನರ್ಸ್. ಪಕ್ಕದ ಸೀಟಿನಲ್ಲಿ ಹಣೆತುಂಬ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಬರಿಗಾಲು. ಇವರೇ ಪಣಕಹಳ್ಳಿಯ ಪುಟ್ಟಮಲ್ಲಮ್ಮ, ಐವತ್ತಮೂರು ವರ್ಷ, ತಾಳವಾಡಿಯ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವ ಮೇಷ್ಟ್ರು. ಹಿಂದಿನ ಸೀಟಿನಲ್ಲಿ ಇವರ ಬಗ್ಗೆ ಬರೆಯಲು ಬಂದ ನಾನು, ಬಾಗಿಲ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಳಿತಿದ್ದೇನೆ.

"ಬರೀ ಕನ್ನಡಿ ನಂಬಬ್ಯಾಡ ಕಣವ್ವ, ಕತ್ತು ತಿರುಗ್ಸಿ ನೋಡು. ಇಂದ್ಗಡೆ ಏನದ ಅಂತ ಕಣ್ಣಿಗೆ ಗೊತ್ತಾದ್ರೆ ಕಾಲಿಗೂ ಗೊತ್ತಾಯ್ತದ" ಎನ್ನುತ್ತಾರೆ ಪುಟ್ಟಮಲ್ಲಮ್ಮ.

ಶಾಲೆಯ ಕಾರಿನಲ್ಲಿ ಕಲಿಸುವವರ ಕಡೆಗೂ ಒಂದು ಕ್ಲಚ್, ಒಂದು ಬ್ರೇಕ್ ಇವೆ. ಅವುಗಳ ಮೇಲೆ ಪುಟ್ಟಮಲ್ಲಮ್ಮನ ಪಾದಗಳು ಸದಾ ಕಾವಲು ಕಾಯುತ್ತವೆ. ಕಲಿಯುವವರ ಮೇಲೆ ಭರವಸೆ ಹುಟ್ಟಿದ ದಿನ ಮಾತ್ರ ಎರಡೂ ಕಾಲನ್ನು ಮೇಲೆತ್ತಿ, ಊಟಕ್ಕೆ ಕೂತವರ ಹಾಗೆ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕುತ್ತಾರೆ. ಲೈಸೆನ್ಸ್ ಆಮೇಲಿನ ಮಾತು. ಈ ಬೆಟ್ಟದ ಮೇಲಿನ ಜನಕ್ಕೆ ಸರ್ಟಿಫಿಕೇಟು ಅದೇ. ಇದುವರೆಗೆ ನಾನೂರಕ್ಕೂ ಹೆಚ್ಚು ಮಂದಿಗೆ ಕಾಲು ಮಡಿಸಿದ್ದಾರೆ. ಅವರಲ್ಲಿ ಪರೀಕ್ಷೆಯಲ್ಲಿ ಫೇಲಾದವರು ಮೂರೇ ಜನ.

ಪರಿಮಳ ಎರಡು ತಿಂಗಳಿಂದ ಬರುತ್ತಿದ್ದಾರೆ. ಕಾಲು ಇನ್ನೂ ಮಡಿಸಿಲ್ಲ. ಸೋಮವಾರ ಬೆಟ್ಟದ ಕೆಳಗೆ ಪರೀಕ್ಷೆ. ಒಂದು ಸಲ ರಿವರ್ಸ್‌ನಲ್ಲೇ ಎಡವಿ ವಾಪಸ್ಸು ಬಂದಾಗಿದೆ. ತಾಳಮಲೆಗೆ ಮೊದಲ ಬಸ್ಸು ಮುಟ್ಟುವ ಹೊತ್ತಿಗೆ ಬಸುರಿಯರು ಕೇಂದ್ರದ ಜಗಲಿಯಲ್ಲಿ ಕೂತು ಕೂತು ಸೋತಿರುತ್ತಾರೆಂದು ಪರಿಮಳ ಸ್ಕೂಟರಿನಲ್ಲಿ ಹೋಗಲು ಶುರು ಮಾಡಿದ್ದರು. ಒಂದು ದಿನ ಆನೆ ಅಟ್ಟಿಸಿಕೊಂಡು ಬಂತು, ಇವರು ಬಿದ್ದು ಮೊಣಕೈ ಮುರಿಯಿತು.

"ಈ ಸಲ ಲೈಸೆನ್ಸ್ ಸಿಗ್ನಿಲ್ಲ ಅಂದ್ರೆ ಟ್ರಾನ್ಸ್‌ಫರ್ ಕೇಳ್ತೀನಿ ಅಂತ ಮನೇಲಿ ಮಾತು ಕೊಟ್ಬುಟ್ಟಿವ್ನಿ. ನಂಗೆ ಆ ಊರು ಬುಡಕೆ ಇಷ್ಟ ಇಲ್ಲ ಸಾ" ಎನ್ನುತ್ತಾರೆ.

ಬೇರೆ ಕಡೆ ಮೊದಲ ದಿನ ಫಸ್ಟ್ ಗೇರ್ ಕಲಿಸುತ್ತಾರೆ. ಪುಟ್ಟಮಲ್ಲಮ್ಮ ಮೊದಲ ಮೂರು ದಿನ ರಿವರ್ಸ್ ಬಿಟ್ಟು ಬೇರೆ ಹಾಕಗೊಡುವುದಿಲ್ಲ. ಶಾಲೆಯ ಮಾಲೀಕ ನಿಂಗರಾಜು ಬೇಡಿಕೊಂಡದ್ದೂ ಉಂಟು, "ಅಕ್ಕ, ಜನ ಮುಂದಕ್ ಓಗಕೆ ತಾನೇ ಬರದು?" ಅಂತ. ಅಕ್ಕ ಜಪ್ಪಯ್ಯ ಅಂದರೂ ಕೇಳಿಲ್ಲ.

ಅದಕ್ಕೊಂದು ಕಾರಣವಿದೆ. ಹದಿನಾಲ್ಕು ವರ್ಷದ ಹಿಂದೆ ಅವರ ಯಜಮಾನರು ಶಿವಮಲ್ಲಪ್ಪ ಬಾಡಿಗೆ ಕಾರು ಓಡಿಸುತ್ತಿದ್ದರು. ಹುಣಸೆ ಮರದಿಂದ ಬಿದ್ದು ಎಡಗಾಲಿನ ಶಕ್ತಿ ಹೋಯಿತು. ಕ್ಲಚ್ ಒತ್ತಲಾಗದವರಿಗೆ ಗೇರಿನ ಕಾರು ಇದ್ದೇನು, ಬಿಟ್ಟೇನು? ಮೂರು ತಿಂಗಳು ಕೊಟ್ಟಿಗೆಯಲ್ಲಿ ಕೋಳಿ ಮಲಗುತ್ತಿದ್ದ ಕಾರಿಗೆ ಮೂವತ್ತೊಂಬತ್ತರ ಪುಟ್ಟಮಲ್ಲಮ್ಮ ಹತ್ತಿ ಕೂತರು. ಪಕ್ಕದಲ್ಲಿ ಗುರುವಾಗಿ ಗಂಡ.

"ಕ್ಲಚ್ ಬುಡದು ಸೊಸೆನ ತವರಿಗೆ ಕಳಿಸ್ದಂಗೆ, ಒಂದೇ ಸಲ ಬುಟ್ಬುಡಬಾರದು ಅನ್ನವ್ರು" ಎಂದು ಪುಟ್ಟಮಲ್ಲಮ್ಮ ನಗುತ್ತಾರೆ. "ಎಲ್ಲಾನೂ ಏಳ್ಕೊಟ್ರು. ಇಂದಕ್ಕೆ ಓಗದ್ನ ಮಾತ್ರ ಆಮೇಕೆ ನೋಡ್ಕಳವ ಬುಡು ಅಂದ್ರು."

ಆ 'ಆಮೇಕೆ' ಬರುವ ಮೊದಲೇ ಇದೇ ರಸ್ತೆಯಲ್ಲಿ ಮರಿ ಕಟ್ಟಿಕೊಂಡ ಆನೆ ಎದುರು ಬಂತು. ಗೇರಿನ ಗುಂಡಿಯನ್ನು ಕೆಳಗೆ ಅದುಮಿ ರಿವರ್ಸ್ ಹಾಕಬೇಕೆಂಬುದು ಆ ಗಾಬರಿಯಲ್ಲಿ ಹೊಳೆಯಲಿಲ್ಲ. ಎಂಜಿನ್ ಆಫ್. ಗಂಡ ಹೆಂಡಿರು ಉಸಿರು ಬಿಗಿಹಿಡಿದು ಕೂತರು. ಆನೆ ಎಡಗಡೆಯ ಕನ್ನಡಿಯೊಂದನ್ನು ಕಿತ್ತು ಬಿಸಾಕಿ, ಮರಿಯನ್ನು ಕರೆದುಕೊಂಡು ಹೋಯಿತು. ಜೀವ ಉಳಿದದ್ದೇ ದೊಡ್ಡದು.

ಈಗ ದಿನಕ್ಕೆ ಏಳು ಜನ, ತಲಾ ಅರ್ಧ ಗಂಟೆ. ಕಾರಿಗೆ ಚಪ್ಪಲಿ ಬಿಟ್ಟೇ ಹತ್ತಬೇಕು. ಕ್ಲಚ್ ಎಲ್ಲಿ ಹಿಡಿಯುತ್ತದೆಂಬುದು ಅಂಗಾಲಿಗೆ ತಿಳಿಯಬೇಕಂತೆ. ಕ್ಲಚ್ ಪ್ಲೇಟು ಇದುವರೆಗೆ ಹನ್ನೊಂದು ಸಲ ಸವೆದು ಬದಲಾಗಿದೆ. ಬೆಟ್ಟದ ಮೇಲೆ ಎಲ್ಲರೂ ಬೈಕಿನವರೇ ಆದ್ದರಿಂದ ತಪ್ಪೂ ಎಲ್ಲರದೂ ಒಂದೇ. ಹೆದರಿಕೆಯಾದರೆ ಎಡಗೈ ಗೇರಿನ ಗುಂಡಿಯನ್ನೇ ಹಿಂಡುತ್ತದೆ, ಅದೇ ಬೈಕಿನ ಕ್ಲಚ್ಚೆಂಬಂತೆ. ಎತ್ತು ಹೂಡಿ ಅಭ್ಯಾಸವಿದ್ದ ಹಿರಿಯರೊಬ್ಬರಂತೂ ನಿಲ್ಲಿಸಲು ಸ್ಟೇರಿಂಗನ್ನು ಎದೆಗೆ ಎಳೆದುಕೊಂಡು "ಓ... ಓ..." ಅಂದಿದ್ದರಂತೆ. ಕಲಿಯುವ ತನಕ ಬ್ರಹ್ಮವಿದ್ಯೆ, ಕಲಿತ ಮೇಲೆ ಕೋತಿವಿದ್ಯೆ ಎಂಬ ಮಾತನ್ನು ಪುಟ್ಟಮಲ್ಲಮ್ಮ ಯಾರ ಮುಖದ ಮೇಲೂ ಆಡುವುದಿಲ್ಲ. ಈ ತಾಳ್ಮೆ ನನಗೆ ಕಲಿಸಿದವರಿಗೆ ಇದ್ದಿದ್ದರೆ ನಾನೂ ಚೆನ್ನಾಗಿ ಓಡಿಸುತ್ತಿದ್ದೆನೇನೋ.

ನೇರ ರಸ್ತೆ ಬಂದಾಗ ಪರಿಮಳ ಕಾರನ್ನು ಮುಂದಕ್ಕೆ ಓಡಿಸುತ್ತಾರೆ. ಎರಡು, ಮೂರು. ಗೇರು ಸದ್ದಿಲ್ಲದೆ ಬೀಳುತ್ತದೆ. ಆಗ ಪುಟ್ಟಮಲ್ಲಮ್ಮ ಕಾಲೆರಡನ್ನೂ ಮೇಲೆತ್ತಿ ಮಡಿಸಿಕೊಳ್ಳುತ್ತಾರೆ. ಓರೆಗಣ್ಣಿನಲ್ಲಿ ನೋಡಿದ ಪರಿಮಳಳ ಮುಖ ಅರಳುತ್ತದೆ.

ಮುಂದಿನ ತಿರುವು ದಾಟುತ್ತಲೇ ರಸ್ತೆಯ ನಡುವೆ ಆನೆ, ಒಂಟಿ.

ಬ್ರೇಕು ಬೀಳುತ್ತದೆ. ಪರಿಮಳಳ ಎಡಗೈ ಗೇರಿನ ಗುಂಡಿಯನ್ನು ಹಿಂಡುತ್ತದೆ. ಕ್ಲಚ್ ಒತ್ತದ್ದರಿಂದ ಎಂಜಿನ್ ಒಮ್ಮೆ ಜರ್ಕಾಗಿ ಸತ್ತುಹೋಗುತ್ತದೆ. ಆನೆ ಕಿವಿ ಅಗಲಿಸುತ್ತದೆ. ನಾನು ನೋಡುತ್ತಿರುವುದು ಆನೆಯನ್ನಲ್ಲ, ಪುಟ್ಟಮಲ್ಲಮ್ಮನ ಕಾಲನ್ನು. ಇಳಿಸಿ ತಾಯಿ, ಇಳಿಸಿ ಎಂದು ಮನಸ್ಸಿನಲ್ಲೇ ಬೇಡುತ್ತೇನೆ. ಕಾಲು ಇಳಿಯುವುದಿಲ್ಲ.

"ಕೈ ಅಲ್ಲ ಕಣವ್ವ, ಕಾಲು" ಎನ್ನುತ್ತಾರೆ, ಊಟಕ್ಕೆ ಕೂತು ಉಪ್ಪು ಕೇಳಿದಷ್ಟು ಮೆಲ್ಲಗೆ.

ಪರಿಮಳ ಕ್ಲಚ್ ಒತ್ತಿ ಕೀಲಿ ತಿರುಗಿಸುತ್ತಾರೆ. ಗುಂಡಿ ಅದುಮುತ್ತಾರೆ. ಕತ್ತು ತಿರುಗಿಸುತ್ತಾರೆ. ಆ ಕಣ್ಣುಗಳು ನನ್ನನ್ನು ದಾಟಿ ಹಿಂದಿನ ರಸ್ತೆಯನ್ನೇ ನೋಡುತ್ತಿವೆ. ಕಾರು ತಿರುವನ್ನು ಬಳಸಿ ಹಿಂದಕ್ಕೆ ಹರಿಯುತ್ತದೆ; ಐವತ್ತು ಮಾರು, ನೂರು ಮಾರು. ಆನೆ ಹಿಂಬಾಲಿಸುವುದಿಲ್ಲ. ದೂರ ಬಂದು ನಿಂತ ಮೇಲೆ ಪರಿಮಳ ಸ್ಟೇರಿಂಗಿಗೆ ಹಣೆಯಿಟ್ಟು ಅಳುತ್ತಾರೆ.

ಆಮೇಲೆ ನಾನು ಸ್ವಲ್ಪ ಸಿಟ್ಟಿನಿಂದಲೇ ಕೇಳುತ್ತೇನೆ, ಕಾಲು ಯಾಕೆ ಇಳಿಸಲಿಲ್ಲ ಎಂದು. "ಬ್ರೇಕ್ ಆಗ್ಲೇ ಒತ್ತಿದ್ಲಲ್ಲ ಸಾ, ಆನೆನೂ ದೂರದಲ್ಲೇ ಇತ್ತು. ನಾನು ಕಾಲಿಳಿಸಿದ್ರೆ ಅವ್ಳು ಕೈ ಬುಟ್ಬುಡ್ತಿದ್ಲು. ಸೋಮವಾರ ನಾನೇನು ಪಕ್ದಲ್ಲಿ ಕುಂತಿರ್ತೀನಾ?"

ಪಣಕಹಳ್ಳಿಯ ಮನೆಯಲ್ಲಿ ಶಿವಮಲ್ಲಪ್ಪ ಕಾಯುತ್ತಿದ್ದಾರೆ. ಕಾಲಿನ ವ್ಯಾಯಾಮಕ್ಕೆ ಆಸ್ಪತ್ರೆಗೆ ಹೋಗಬೇಕು. ರಾಗಿ ರೊಟ್ಟಿ ತಿನ್ನುತ್ತ, ನಿಮಗೇನಾದರೂ ಆಸೆ ಇದೆಯಾ ಎಂದು ಪುಟ್ಟಮಲ್ಲಮ್ಮನನ್ನು ಕೇಳುತ್ತೇನೆ.

"ಆಸೆ ಅಂದ್ರೆ ಒಂದದ" ಎಂದು ದನಿ ತಗ್ಗಿಸುತ್ತಾರೆ. "ನಮ್ಮನೆ ಕಾರಲ್ಲಿ ಎರಡ್ನೇ ಬ್ರೇಕ್ ಇಲ್ಲ. ಆದ್ರೂವೆ ನಾನು ಓಡ್ಸುವಾಗ ಇವ್ರು ಪಕ್ದಲ್ಲಿ ಕುಂತು ತಿರುವು ಬಂದಾಗೆಲ್ಲ ಬಲಗಾಲಲ್ಲಿ ನೆಲ ಒತ್ತಾರೆ. ಅದ್ನಾಲ್ಕು ವರ್ಷ ಆಯ್ತು, ಮ್ಯಾಟೇ ತೂತಾಗ್ಬುಟ್ಟದ. ಒಂದಿನ ಇವ್ರು ಕಾಲು ಸುಮ್ನೆ ಇಟ್ಕಬೇಕು ಸಾ, ಅಷ್ಟೇಯ."

ಹೊರಗೆ ಜಗಲಿಯಲ್ಲಿ ಶಿವಮಲ್ಲಪ್ಪ ನನ್ನಿಂದ ಆನೆಯ ಕತೆ ಕೇಳುತ್ತಾರೆ. ಕೊನೆಗೆ ಒಂದೇ ಪ್ರಶ್ನೆ: "ಇವ್ಳು ಕಾಲು ಇಳಿಸ್ನೇ ಇಲ್ವಾ?"

"ಇಳಿಸಲಿಲ್ಲ."

ಅವರು ಕೋಲು ಊರಿಕೊಂಡು ಹೋಗಿ ಮನೆಯ ಹಳೆಯ ಕಾರಿನಲ್ಲಿ ಕೂರುತ್ತಾರೆ. ನಾನು ಹಿಂದೆ. ಪುಟ್ಟಮಲ್ಲಮ್ಮ ಕತ್ತು ತಿರುಗಿಸಿ ರಿವರ್ಸ್‌ನಲ್ಲಿ ಹಿತ್ತಿಲಿನಿಂದ ರಸ್ತೆಗೆ ಬರುತ್ತಾರೆ. ಊರ ಕೊನೆಯ ತಿರುವು ಹತ್ತಿರವಾಗುತ್ತದೆ. ಶಿವಮಲ್ಲಪ್ಪ ಶಕ್ತಿಯಿಲ್ಲದ ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಬಲಗಾಲಿನ ಮೇಲೆ ಇಟ್ಟುಕೊಳ್ಳುತ್ತಾರೆ, ಅದು ಎದ್ದು ನೆಲ ಒತ್ತದ ಹಾಗೆ.

ಪುಟ್ಟಮಲ್ಲಮ್ಮ ತಿರುವು ದಾಟಿಸಿ, ಮೂರನೇ ಗೇರ್ ಹಾಕಿ, ರಸ್ತೆ ನೋಡುತ್ತಲೇ ನನಗೆ ಹೇಳುತ್ತಾರೆ: "ಬರ್ಕಳಿ ಸಾ. ಇವತ್ತು ನಾನೂ ಪಾಸು."