ಬಸ್ಸಿನಲ್ಲಿ ಹಳೇ ಇಂಗ್ಲಿಷಿನ ಮಂತ್ರ

ಗೆಳೆಯರೇ, ಇವತ್ತು ಬೆಳಿಗ್ಗೆ ತ್ಯಾವಣಿಗೆ ಊರಿಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಅಜ್ಜಿಯ ತೊಡೆಯ ಮೇಲಿದ್ದ ಮಗುವಿಗೆ ಎರಡೂ ಕೆನ್ನೆಗೆ ಕಾಡಿಗೆಯ ಬೊಟ್ಟಿತ್ತು. ಅದು ಒಂದೇ ಸಮನೆ ಅಳುತ್ತಿತ್ತು. ನಾನು ಹಳೆಯ ಇಂಗ್ಲಿಷ್ ಕಾದಂಬರಿಗಳ ವಾಕ್ಯಗಳನ್ನು ಬರೆದಿಟ್ಟ ನೋಟ್‌ಬುಕ್ ತೆರೆದು, ಈಗ ಯಾರೂ ಆಡದ ಪದಗಳನ್ನು ಮೆಲ್ಲಗೆ ಬಾಯಿಪಾಠ ಮಾಡುತ್ತಿದ್ದೆ.

"ಮಂತ್ರ ಚೆನ್ನಾಗಿ ಹೇಳ್ತೀಯವ್ವ. ನಮ್ಮ ಕೂಸಿಗೆ ದೃಷ್ಟಿ ಆಗೈತೆ, ಒಂದೀಟು ಊದು," ಅಂದರು ಅಜ್ಜಿ.

"ಇದು ಮಂತ್ರ ಅಲ್ಲಜ್ಜಿ, ಇಂಗ್ಲಿಷ್."

"ದೇವ್ರಿಗೆ ಎಲ್ಲಾ ಭಾಷೆ ಬರ್ತೈತೆ. ನೀ ಊದವ್ವ."

ಇಡೀ ಬಸ್ಸು ನನ್ನನ್ನೇ ನೋಡುತ್ತಿತ್ತು. ಇಲ್ಲ ಎನ್ನಲು ಧೈರ್ಯ ಸಾಲದೆ "ಪ್ರಿದೀ, ಫಾರ್ಸೂತ್" (ದಯಮಾಡಿ, ನಿಜಕ್ಕೂ ಅಂತ ಅರ್ಥ, ಅಷ್ಟೇ) ಎಂದು ಮಗುವಿನ ನೆತ್ತಿಗೆ ಮೂರು ಸಲ ಊದಿದೆ. ಅಳು ನಿಲ್ಲಿಸಿ ನಕ್ಕೇಬಿಟ್ಟಿತು!

ಕಂಡಕ್ಟರ್ ಬಂದು, "ಮೇಡಂ, ಸೊಂಟನೋವಿಗೂ ಏನಾರ ಐತೇನ್ರೀ?" ಅಂದರು.

ನಾಳೆಯಿಂದ ಬಸ್ಸಿನಲ್ಲಿ ಮನಸ್ಸಿನಲ್ಲೇ ಓದುತ್ತೇನೆ. ಸೊಂಟಕ್ಕೆ ಮಾತ್ರ ಒಂದು ಉದ್ದನೆಯ ವಾಕ್ಯ ಹುಡುಕಿಟ್ಟುಕೊಳ್ಳುತ್ತೇನೆ.